ಕಡಲ ತಡಿಯಲ್ಲಿ ನಿವೃತ್ತಿಯ ಮನೆ: ಯಾವ ಸೀಮೆ, ಎಂಥ ನೆಲ?

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ಸದಸ್ಯರಲ್ಲಿ ಐವತ್ತೈದು ದಾಟಿದವರು ಇಬ್ಬರು ಕೂಡಿದರೆ ಸಾಕು, ಮಾತು ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ: "ಕೆಲಸ ಮುಗಿದ ಮೇಲೆ ಎಲ್ಲಿ?" ಮೂವತ್ತು ನಲವತ್ತು ವರ್ಷ ಚಾಳಿನ ಒಂದೂವರೆ ಕೋಣೆಯಲ್ಲಿ ಬಾಳಿದವರಿಗೆ, ಲೋಕಲ್ ಗಾಡಿಯ ಬಾಗಿಲಲ್ಲಿ ನೇತಾಡಿ ಕಚೇರಿಗೆ ಹೋದವರಿಗೆ, ನೀರಿನ ಬದಿಯಲ್ಲಿ ಒಂದು ಪುಟ್ಟ ಮನೆ, ಅಂಗಳದಲ್ಲಿ ನಾಲ್ಕು ತೆಂಗು, ಜಗಲಿಯಲ್ಲಿ ಒಂದು ಆರಾಮಕುರ್ಚಿ ಎಂಬ ಚಿತ್ರವು ಕಣ್ಣ ಮುಂದೆ ಬರುವುದು ಸಹಜ. ಅದು ತಪ್ಪಾದ ಆಸೆಯಲ್ಲ. ಆದರೆ ಆ ಚಿತ್ರಕ್ಕೆ ನಾವು ಕೊಡುವ ಬೆಲೆ ಒಂದು ತಿಂಗಳ ಸಂಬಳವಲ್ಲ. ಇಡೀ ಆಯುಷ್ಯದ ಭವಿಷ್ಯನಿಧಿ ಮತ್ತು ಗ್ರ್ಯಾಚುಯಿಟಿ. ಒಮ್ಮೆ ತಪ್ಪಿದರೆ ಮತ್ತೆ ದುಡಿದು ಕೂಡಿಸುವ ವಯಸ್ಸು ನಮ್ಮದಲ್ಲ.

ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಡಿಸೆಂಬರಿನ ರಜೆಯಲ್ಲಿ ಊರಿಗೆ ಹೋಗಿ, ಮರಳ ದಂಡೆಗೆ ಹೊಂದಿದ ಹತ್ತು ಸೆಂಟ್ಸ್ ನೆಲವನ್ನು ನೋಡಿದ ವಾರದಲ್ಲೇ ಮುಂಗಡ ಕೊಟ್ಟು ಬಂದರು. ತರುವಾಯ ಮನೆ ಕಟ್ಟಲು ಅನುಮತಿ ಕೇಳಿದಾಗ, ಆ ನೆಲವು ಕಟ್ಟಡ ನಿಷೇಧದ ಗೆರೆಯೊಳಗೆ ಬರುತ್ತದೆಂದು ತಿಳಿಯಿತು. ಮುಂದಿನ ಎರಡು ಮಳೆಗಾಲಗಳಲ್ಲಿ ಅದರ ಪಡುವಣ ಅಂಚಿನ ತೆಂಗಿನ ಸಾಲೇ ಕಡಲಿಗೆ ಹೋಯಿತು. ಅವರು ಈಗಲೂ ಡೊಂಬಿವಲಿಯಲ್ಲೇ ಬಾಡಿಗೆಗೆ ಇದ್ದಾರೆ. "ದೂರದ ಬೆಟ್ಟ ನುಣ್ಣಗೆ" ಎಂದು ಹಿರಿಯರು ಹೇಳಿದ್ದಾರೆ. ದೂರದ ಕಡಲೂ ಹಾಗೆಯೇ. ಈ ಪಾಠವನ್ನು ಬರೆಯಲು ಅವರ ಸಂಗತಿಯೇ ಕಾರಣ. ತಲಪಾಡಿಯಿಂದ ಕಾರವಾರದವರೆಗಿನ ಕರಾವಳಿಯನ್ನು ನಾಲ್ಕು ಸೀಮೆಗಳಾಗಿ ವಿಂಗಡಿಸಿ, ಒಂದೊಂದರ ಅನುಕೂಲ ಅನಾನುಕೂಲಗಳನ್ನು ತೂಗಿ ನೋಡುವುದು ಇಲ್ಲಿನ ಉದ್ದೇಶ. ಅದಕ್ಕೆ ಮುಂಚೆ ಎಲ್ಲ ಸೀಮೆಗಳಿಗೂ ಸಲ್ಲುವ ಕೆಲವು ಮೂಲ ವಿಷಯಗಳನ್ನು ತಿಳಿದುಕೊಳ್ಳೋಣ.

1. ಕಡಲು ನೆಲವನ್ನು ಒಯ್ಯುವ ಬಗೆ

ಮರಳ ದಂಡೆ ನಿಂತ ನೆಲವಲ್ಲ, ನಡೆಯುವ ನೆಲ. ಮಳೆಗಾಲದ ಎತ್ತರದ ಅಲೆಗಳು ದಂಡೆಯ ಮರಳನ್ನು ಕೆರೆದು ನೀರಿನೊಳಕ್ಕೆ ಎಳೆದುಕೊಳ್ಳುತ್ತವೆ. ಮಳೆ ಕಳೆದ ಮೇಲೆ ಬರುವ ಸಣ್ಣ ಅಲೆಗಳು ಅದೇ ಮರಳನ್ನು ಸ್ವಲ್ಪ ಸ್ವಲ್ಪವಾಗಿ ಮರಳಿ ತಂದು ಹಾಕುತ್ತವೆ. ಈ ಕೊಡುಕೊಳ್ಳುವಿಕೆ ಸರಿದೂಗಿದಲ್ಲಿ ದಂಡೆ ಇದ್ದಲ್ಲೇ ಇರುತ್ತದೆ. ಸರಿದೂಗದಲ್ಲಿ ವರ್ಷವರ್ಷವೂ ಹಿಂದೆ ಸರಿಯುತ್ತದೆ. ಮರಳು ದಂಡೆಯ ಉದ್ದಕ್ಕೂ ಸಾಗುತ್ತಿರುವುದರಿಂದ, ಒಂದು ಕಡೆ ಬಂದರಿನ ತಡೆಗೋಡೆ ಕಟ್ಟಿದರೆ ಅದರ ಒಂದು ಮಗ್ಗುಲಲ್ಲಿ ಮರಳು ತುಂಬಿ ಇನ್ನೊಂದು ಮಗ್ಗುಲಲ್ಲಿ ಬರಿದಾಗುವುದುಂಟು. ಒಂದು ಊರಿಗೆ ಕಲ್ಲಿನ ಗೋಡೆ ಹಾಕಿದರೆ ಕೊರೆತವು ಗೋಡೆ ಮುಗಿದ ಜಾಗದಲ್ಲಿ ಶುರುವಾಗುವುದನ್ನೂ ಕರಾವಳಿಯವರು ಕಂಡಿದ್ದಾರೆ.

ಕೇಂದ್ರ ಸರಕಾರದ ಕರಾವಳಿ ಸಂಶೋಧನ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದೆ. ಅದರ ಪ್ರಕಾರ ಕರ್ನಾಟಕದ ಸುಮಾರು 313 ಕಿಲೋಮೀಟರು ಕರಾವಳಿಯಲ್ಲಿ ಸುಮಾರು 74 ಕಿಲೋಮೀಟರಿನಷ್ಟು ಕೊರೆತಕ್ಕೆ ಒಳಗಾಗಿದೆ. ಅಂದರೆ ನಾಲ್ಕರಲ್ಲಿ ಒಂದು ಪಾಲಿಗೆ ಸ್ವಲ್ಪ ಕಡಿಮೆ. ಉಳಿದ ಮೂರು ಪಾಲಿನಲ್ಲಿ ನಮ್ಮ ನೆಲ ಇದೆಯೇ ಎಂಬುದೇ ಪ್ರಶ್ನೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವು ನಮ್ಮ ತೀರಕ್ಕೆ ನೇರವಾಗಿ ಅಪ್ಪಳಿಸದೆ ಗುಜರಾತಿನತ್ತ ಸಾಗಿತು. ಆದರೂ ಅದು ಹಾದುಹೋದ ದಿನಗಳಲ್ಲಿ ಎದ್ದ ಅಲೆಗಳಿಂದ ನಮ್ಮ ಮೂರೂ ಕರಾವಳಿ ಜಿಲ್ಲೆಗಳಲ್ಲಿ ಮನೆ, ರಸ್ತೆ, ದೋಣಿಗಳಿಗೆ ಹಾನಿಯಾಯಿತು.

ಆದುದರಿಂದ ಮೊದಲನೆಯ ನಿಯಮ ಇದು: ನೆಲವನ್ನು ಡಿಸೆಂಬರಿನಲ್ಲಿ ಮಾತ್ರ ನೋಡಿ ಕೊಳ್ಳಬಾರದು. ಆಟಿ ತಿಂಗಳ ಮಳೆಯಲ್ಲಿ ಒಮ್ಮೆ, ಏಪ್ರಿಲ್ ಮೇ ಬೇಸಗೆಯಲ್ಲಿ ಒಮ್ಮೆ ನೋಡಬೇಕು. ಮಳೆಗಾಲದಲ್ಲಿ ನೆಲದ ಗತಿ ತಿಳಿಯುತ್ತದೆ. ಬೇಸಗೆಯಲ್ಲಿ ಬಾವಿಯ ಗತಿ ತಿಳಿಯುತ್ತದೆ.

2. ಊರಿನ ಹೆಸರು ಕಲಿಸುವ ಪಾಠ

ನಮ್ಮ ಹಿರಿಯರು ನೆಲದ ಗುಣವನ್ನು ಹೆಸರಿನಲ್ಲೇ ಬರೆದಿಟ್ಟಿದ್ದಾರೆ. ಬೆಂಗ್ರೆ ಎಂದರೆ ಹೊಳೆಗೂ ಕಡಲಿಗೂ ನಡುವೆ ಚಾಚಿದ ಮರಳ ಪಟ್ಟಿ. ಕೋಡಿ ಎಂದರೆ ಅಂಥ ಪಟ್ಟಿಯ ತುದಿ. ಕುದ್ರು ಎಂದರೆ ಹೊಳೆಯ ನಡುಗಡ್ಡೆ. ಅಳಿವೆ ಎಂದರೆ ಹೊಳೆ ಕಡಲು ಸೇರುವ ಬಾಯಿ. ಹೊಯಿಗೆ ಎಂದರೆ ಮರಳು. ಪಡು ಎಂದರೆ ಪಶ್ಚಿಮ. ಅಂದರೆ ಕಡಲ ಮಗ್ಗುಲು. ಮಂಗಳೂರಿನ ಬೆಂಗ್ರೆ, ಮಲ್ಪೆಯ ಬಳಿಯ ಪಡುಕೆರೆ, ಸುವರ್ಣಾ ಸೀತಾ ಹೊಳೆಗಳು ಕಡಲು ಸೇರುವಲ್ಲಿಯ ಕೋಡಿಬೆಂಗ್ರೆ, ಇವೆಲ್ಲ ಕಣ್ಣಿಗೆ ಅತಿ ಸುಂದರವಾದ ಸ್ಥಳಗಳು. ಆದರೆ ಎರಡೂ ಕಡೆಯಿಂದ ನೀರು ಕಾಯುತ್ತಿರುವ ನೆಲವೂ ಇದೇ. ಅಳಿವೆಯ ಬಾಯಿ ಕಾಲಕಾಲಕ್ಕೆ ಜಾಗ ಬದಲಿಸುತ್ತದೆ. ತಲೆಮಾರುಗಳಿಂದ ಅಲ್ಲಿ ಬಾಳಿದ ಮೀನುಗಾರರಿಗೆ ಅದರ ಗುಟ್ಟು ಗೊತ್ತು, ಅದರಿಂದ ಹೊಟ್ಟೆಪಾಡೂ ಉಂಟು. ಪಿಂಚಣಿಯ ಮುದುಕನಿಗೆ ಅದು ತಕ್ಕ ಜಾಗವಲ್ಲ.

ಗದ್ದೆಗಳಿಗೂ ಇದೇ ರೀತಿ ಮೂರು ಹೆಸರುಗಳಿವೆ. ತಗ್ಗಿನಲ್ಲಿದ್ದು ನೀರು ನಿಲ್ಲುವುದು ಬೈಲು, ನಡುವಿನದು ಮಜಲು, ಎತ್ತರದಲ್ಲಿದ್ದು ಮಳೆಯನ್ನೇ ನಂಬಿದ್ದು ಬೆಟ್ಟು. ಈಗ ಬೈಲು ಗದ್ದೆಗಳಿಗೆ ಕೆಂಪು ಮಣ್ಣು ತುಂಬಿಸಿ ನಿವೇಶನ ಮಾಡಿ ಮಾರುವುದು ಹೆಚ್ಚಾಗಿದೆ. ಹೊಸ ಮಣ್ಣಿನ ಕೆಳಗೆ ಹಳೆಯ ಬೈಲು ಹಾಗೆಯೇ ಇರುತ್ತದೆ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಸುರಿದ ಭಾರಿ ಮಳೆಗೆ ತಗ್ಗಿನ ಬಡಾವಣೆಗಳು ನೀರಿನಲ್ಲಿ ನಿಂತುದನ್ನು ಪತ್ರಿಕೆಗಳಲ್ಲಿ ನೀವು ನೋಡಿರಬಹುದು. ಉತ್ತರ ಕನ್ನಡದಲ್ಲಿ ಅಘನಾಶಿನಿಯ ಅಳಿವೆಯ ಬದಿಯಲ್ಲಿ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಿವೆ. ಉಪ್ಪನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ಅಲ್ಲಿ ಬೆಳೆಯುತ್ತಾರೆ. ಕಗ್ಗ ತಾಳುತ್ತದೆಂದು ಮನೆಯ ಅಡಿಪಾಯವೂ ತಾಳೀತು ಎಂದುಕೊಳ್ಳಬಾರದು.

ಎರಡನೆಯ ನಿಯಮ: ಬೈಲನ್ನು ಬಿಟ್ಟು ಬೆಟ್ಟನ್ನು ಹಿಡಿಯಿರಿ. ನೆಲದ ಹಳೆಯ ಹೆಸರನ್ನು ದಲ್ಲಾಳಿಯಿಂದಲ್ಲ, ನೆರೆಮನೆಯ ಅಜ್ಜಿಯಿಂದ ಕೇಳಿ ತಿಳಿಯಿರಿ.

3. ಕಾನೂನಿನ ಗೆರೆ

ಕರಾವಳಿ ನಿಯಂತ್ರಣ ವಲಯದ ಮೊದಲನೆಯ ಅಧಿಸೂಚನೆ ಹೊರಟದ್ದು 1991ರಲ್ಲಿ. ತರುವಾಯ 2011ರಲ್ಲಿ ಒಂದು, 2019ರ ಜನವರಿ 18ರಂದು ಇನ್ನೊಂದು ಬಂದವು. ಉಬ್ಬರದ ನೀರು ಏರುವ ಕಟ್ಟಕಡೆಯ ಗೆರೆಯಿಂದ ಅಳತೆ ಶುರುವಾಗುತ್ತದೆ. ಅಲ್ಲಿಂದ ಒಳಕ್ಕೆ 500 ಮೀಟರುಗಳವರೆಗೆ ಈ ನಿಯಂತ್ರಣ ಹಬ್ಬಿದೆ. 2019ರ ಅಧಿಸೂಚನೆಯಂತೆ ಹಳ್ಳಿಗಾಡಿನ ಕರಾವಳಿಯಲ್ಲಿ ಎರಡು ಬಗೆ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವಲ್ಲಿ 50 ಮೀಟರುಗಳವರೆಗೆ ಹೊಸ ಕಟ್ಟಡಕ್ಕೆ ನಿಷೇಧ. ಅದಕ್ಕಿಂತ ಕಡಿಮೆ ಜನರಿರುವಲ್ಲಿ 200 ಮೀಟರುಗಳವರೆಗೆ ನಿಷೇಧ. ಉಬ್ಬರ ಏರುವ ಹೊಳೆಯ ದಡದಲ್ಲಿ 50 ಮೀಟರು ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು.

ನಿಷೇಧದ ಪಟ್ಟಿಯಾಚೆಗೆ, 500 ಮೀಟರುಗಳ ಒಳಗೆ, ಅಲ್ಲಿನ ವಾಸಿಗಳ ಮನೆಗಳಿಗೆ ಅನುಮತಿ ಸಿಗುವುದುಂಟು. ಎತ್ತರವು 9 ಮೀಟರನ್ನೂ, ನೆಲದಂತಸ್ತು ಮತ್ತು ಮೇಲೊಂದು ಅಂತಸ್ತನ್ನೂ ಮೀರಬಾರದು. ಪರವೂರಿನಿಂದ ಬಂದು ಕೊಂಡವನಿಗೂ ಈ ಅನುಮತಿ ತಾನಾಗಿ ದೊರೆಯುವುದೆಂದು ನಂಬಿ ಹಣ ಕೊಡಬಾರದು. ನಮ್ಮ ಸರ್ವೆ ನಂಬರು ಯಾವ ಪಟ್ಟಿಯಲ್ಲಿದೆ ಎಂಬುದು ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಇರುತ್ತದೆ. ಅದನ್ನು ಜಿಲ್ಲಾ ಕೇಂದ್ರದ ಸಂಬಂಧಪಟ್ಟ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. "ಪಕ್ಕದವರು ಕಟ್ಟಿಲ್ಲವೇ?" ಎಂಬ ಮಾತು ಕಾಗದವಲ್ಲ. ಪಕ್ಕದ ಮನೆ 1991ಕ್ಕೆ ಮುಂಚಿನದಿರಬಹುದು. ಇಲ್ಲವೇ ಅದರ ಮೇಲೂ ನೋಟೀಸು ಇರಬಹುದು.

4. ಕಾಗದಪತ್ರ

2020ರವರೆಗೆ ಕರ್ನಾಟಕದಲ್ಲಿ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಅಡ್ಡಿಯಿತ್ತು. ಆ ವರ್ಷದ ತಿದ್ದುಪಡಿಯಿಂದ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ರದ್ದಾದವು. ಇದರಿಂದ ನಮ್ಮಂಥವರಿಗೆ ದಾರಿ ಸುಲಭವಾಯಿತು ನಿಜ. ಆದರೆ ಕೊಂಡ ಮಾತ್ರಕ್ಕೆ ಮನೆ ಕಟ್ಟುವಂತಿಲ್ಲ. ವಾಸದ ಉದ್ದೇಶಕ್ಕೆ ಭೂಪರಿವರ್ತನೆ ಆಗಿರಬೇಕು. ಪಹಣಿ, ಋಣಭಾರ ಪತ್ರ, ಪರಿವರ್ತನೆಯ ಆದೇಶ, ಸರ್ವೆ ನಕ್ಷೆ, ಪಂಚಾಯತಿಯ ಖಾತೆ, ಇವೈದನ್ನೂ ಹೊಂದಿಸಿ ನೋಡಿ, ಊರಿನ ಒಬ್ಬ ವಕೀಲರಿಗೆ ಫೀಸು ಕೊಟ್ಟು ತೋರಿಸಬೇಕು. ಮಾರುವವನು ತೋರಿಸಿದ ವಕೀಲರಿಗಲ್ಲ; ನಾವೇ ಹುಡುಕಿದವರಿಗೆ.

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಎರಡು ವಿಶೇಷಗಳನ್ನು ಗಮನಿಸಬೇಕು. ಒಂದು, ಕುಮ್ಕಿ. ವರ್ಗ ಭೂಮಿಗೆ ತಾಗಿಕೊಂಡ ಸರಕಾರಿ ನೆಲದಿಂದ ಸೊಪ್ಪು ಸೌದೆ ಪಡೆಯುವ ಹಳೆಯ ಸೌಲಭ್ಯ ಅದು, ಒಡೆತನವಲ್ಲ. "ಇಪ್ಪತ್ತು ಸೆಂಟ್ಸ್ ಜಾಗ, ಜೊತೆಗೆ ಹತ್ತು ಸೆಂಟ್ಸ್ ಕುಮ್ಕಿ" ಎಂದು ಯಾರಾದರೂ ಹೇಳಿದರೆ, ನಾವು ಹಣ ಕೊಡಬೇಕಾದುದು ಇಪ್ಪತ್ತಕ್ಕೆ ಮಾತ್ರ. ಎರಡು, ಅಳಿಯಸಂತಾನದ ಕುಟುಂಬಗಳ ಆಸ್ತಿ. ಹೆಣ್ಣಿನ ಸಂತತಿಯಲ್ಲಿ ಹರಿದು ಬಂದ ಪಾಲುಗಳು ಹಲವು ಮನೆಗಳಿಗೆ ಹಂಚಿರುತ್ತವೆ. ಪಾಲುದಾರರು ಮುಂಬಯಿಯಲ್ಲೂ ದುಬಾಯಿಯಲ್ಲೂ ಇರುತ್ತಾರೆ. ವಿಭಾಗಪತ್ರ ನೋಡದೆ, ಎಲ್ಲರ ಸಹಿ ಇಲ್ಲದೆ ಮುಂದುವರಿಯಬಾರದು.

ಅಳತೆಯ ಲೆಕ್ಕವೂ ನೆನಪಿರಲಿ. ದಕ್ಷಿಣದಲ್ಲಿ ಸೆಂಟ್ಸ್, ಉತ್ತರ ಕನ್ನಡದಲ್ಲಿ ಗುಂಟೆ. ಎಕರೆಗೆ 100 ಸೆಂಟ್ಸ್ ಅಥವಾ 40 ಗುಂಟೆ. ಒಂದು ಗುಂಟೆ ಎಂದರೆ ಎರಡೂವರೆ ಸೆಂಟ್ಸ್, 1,089 ಚದರಡಿ. ಬೆಲೆಯನ್ನು ಹೋಲಿಸುವಾಗ ಎರಡನ್ನೂ ಒಂದೇ ಅಳತೆಗೆ ತರಬೇಕು. ಇಲ್ಲವಾದರೆ ಅಗ್ಗವೂ ದುಬಾರಿಯೂ ಅದಲುಬದಲಾಗಿ ಕಾಣುತ್ತವೆ.

5. ಬಾವಿ, ಗೋಡೆ, ತುಕ್ಕು

ಸಿಹಿನೀರು ಉಪ್ಪುನೀರಿಗಿಂತ ಹಗುರ. ಕಡಲ ತಡಿಯ ನೆಲದೊಳಗೆ ಮಳೆಯಿಂದ ಇಂಗಿದ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಾ ನಿಂತಿರುತ್ತದೆ. ಕೊಡಪಾನದಿಂದ ಸೇದುವಷ್ಟು ಕಾಲ ಈ ಪದರಕ್ಕೆ ಧಕ್ಕೆಯಿಲ್ಲ. ಸುತ್ತಲಿನ ಹತ್ತು ಮನೆಗಳವರೂ ಪಂಪು ಹಾಕಿ, ಆಳದ ಕೊಳವೆ ಬಾವಿ ಕೊರೆದು ಎಳೆದರೆ ಮೇಲಿನ ಪದರ ತೆಳುವಾಗಿ ಕೆಳಗಿನ ಉಪ್ಪು ಮೇಲೇರುತ್ತದೆ. ಆದುದರಿಂದ ಮೇ ತಿಂಗಳಲ್ಲಿ ನೆರೆಮನೆಯ ಬಾವಿಯ ನೀರನ್ನು ಬಾಯಿಗೆ ಹಾಕಿ ನೋಡಿ. "ಚಹಾ ಒಡೆಯುತ್ತದೆಯೇ, ಬೇಳೆ ಬೇಯುತ್ತದೆಯೇ?" ಎಂದು ಆ ಮನೆಯ ಹೆಂಗಸರನ್ನು ಕೇಳಿ. ಮರಳು ನೆಲದಲ್ಲಿ ಶೌಚದ ಗುಂಡಿಯ ನೀರು ಬೇಗನೆ ಹರಿಯುತ್ತದೆ. ಗುಂಡಿಗೂ ಬಾವಿಗೂ ಕನಿಷ್ಠ 15 ಮೀಟರು ಅಂತರವಿರಬೇಕು. ನಾಲ್ಕೈದು ಸೆಂಟ್ಸಿನ ನಿವೇಶನದಲ್ಲಿ, ನೆರೆಯವರ ಗುಂಡಿಯನ್ನೂ ಲೆಕ್ಕ ಹಿಡಿದರೆ, ಈ ಅಂತರ ಸಿಗುವುದು ಕಷ್ಟ.

ಇನ್ನು ಗಾಳಿ. ಕಡಲ ಗಾಳಿಯ ಉಪ್ಪು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತಲುಪಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಸೀಳಿ ತಾರಸಿಯ ತಳ ಉದುರುತ್ತದೆ. ಹಿಂದಿನವರು ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಮುಂದಕ್ಕೆ ಚಾಚಿದ ಸೂರು ಇಟ್ಟು ಕಟ್ಟಿದ್ದು ಬಡತನದಿಂದಲ್ಲ, ಬುದ್ಧಿಯಿಂದ. ವರ್ಷಕ್ಕೆ 3,000ದಿಂದ 4,000 ಮಿಲಿಮೀಟರು ಮಳೆ ಸುರಿಯುವ ಸೀಮೆಯಲ್ಲಿ ಸೂರೇ ಗೋಡೆಯ ಕೊಡೆ. ತಾರಸಿಯೇ ಬೇಕೆನ್ನುವವರು ಕಡಲ ಮರಳನ್ನು ಗಾರೆಗೆ ಬಳಸದಂತೆ ನೋಡಿಕೊಳ್ಳಬೇಕು. ಕಿಟಕಿ ಸರಳುಗಳಿಗೆ ಬಣ್ಣ ಬಳಿಯುವ ಖರ್ಚನ್ನು ಪ್ರತಿವರ್ಷದ ಲೆಕ್ಕದಲ್ಲಿ ಹಿಡಿಯಬೇಕು.

6. ನಾಲ್ಕು ಸೀಮೆಗಳ ಹೋಲಿಕೆ

ಮಂಗಳೂರು ಸೀಮೆ. ತಲಪಾಡಿ, ಸೋಮೇಶ್ವರ, ಉಳ್ಳಾಲದಿಂದ ಸುರತ್ಕಲ್, ಸಸಿಹಿತ್ಲು, ಮೂಲ್ಕಿಯವರೆಗೆ. ಆಸ್ಪತ್ರೆಯ ವಿಷಯದಲ್ಲಿ ಈ ಸೀಮೆಗೆ ಸರಿಸಾಟಿ ಇಲ್ಲ. 1848ರಷ್ಟು ಹಳೆಯ ವೆನ್‌ಲಾಕ್ ಸರಕಾರಿ ಆಸ್ಪತ್ರೆ, ಕಂಕನಾಡಿಯ ಫಾದರ್ ಮುಲ್ಲರ್, ಕೆ.ಎಂ.ಸಿ. ಮುಂತಾಗಿ ಹಲವು ಇವೆ. ರೈಲು, ವಿಮಾನ ಎರಡೂ ಉಂಟು; ಮದರಾಸಿನ ಬಂಧುಗಳಿಗೆ ರಾತ್ರಿಯ ಗಾಡಿ ನೇರವಾಗಿ ಬರುತ್ತದೆ. ಆದರೆ ಇದೇ ಸೀಮೆಯ ಉಳ್ಳಾಲ, ಸೋಮೇಶ್ವರ, ಉಚ್ಚಿಲದ ದಂಡೆಗಳು ಕಡಲ ಕೊರೆತಕ್ಕೆ ಹೆಸರಾದವು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಉಳ್ಳಾಲದಲ್ಲಿ ಕಡಲೊಳಗೇ ತಡೆಗಳನ್ನು ಕಟ್ಟಬೇಕಾಯಿತೆಂದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ. ಪಣಂಬೂರಿನ ಆಸುಪಾಸು ಬಂದರು, ಕಾರ್ಖಾನೆಗಳ ಸೀಮೆ. ನೆಲದ ಬೆಲೆಯೂ ನಾಲ್ಕರಲ್ಲಿ ಹೆಚ್ಚು. ಇಲ್ಲಿ ನೆಲಸುವವರು ದಂಡೆಯ ಆಸೆ ಬಿಟ್ಟು, ಪೇಟೆಯ ಎತ್ತರದ ಭಾಗದಲ್ಲಿ ಸಣ್ಣ ಫ್ಲಾಟು ಕೊಂಡು ಸಂಜೆ ಬಸ್ಸಿನಲ್ಲಿ ಕಡಲಿಗೆ ಹೋಗಿಬರುವುದು ಲೇಸು.

ಉಡುಪಿ ಸೀಮೆ. ಪಡುಬಿದ್ರಿ, ಕಾಪು, ಮಲ್ಪೆ, ಬ್ರಹ್ಮಾವರ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಹತ್ತಿರ. ಇಂದ್ರಾಳಿಯ ರೈಲುನಿಲ್ದಾಣದಲ್ಲಿ ಮುಂಬಯಿಯ ಮತ್ಸ್ಯಗಂಧ, ದೆಹಲಿಯ ಮಂಗಳಾ ಗಾಡಿಗಳು ನಿಲ್ಲುತ್ತವೆ. ಮಠ, ಯಕ್ಷಗಾನ, ಪುಸ್ತಕ, ಸಂಗೀತ ಇವೆಲ್ಲ ಕಾಲ್ನಡಿಗೆಯ ದೂರದಲ್ಲಿ ಸಿಗುವ ಪೇಟೆ. 1901ರ ದೀಪಸ್ತಂಭವಿರುವ ಕಾಪುವಿನ ದಂಡೆಯೂ, 2020ರಲ್ಲಿ ಕಾಸರಕೋಡಿನ ಜೊತೆಗೆ ನೀಲಿ ಬಾವುಟದ ಮನ್ನಣೆ ಪಡೆದ ಪಡುಬಿದ್ರಿಯ ದಂಡೆಯೂ ಇಲ್ಲಿಯವೇ. ಮನ್ನಣೆ ಸ್ನಾನಕ್ಕೆ ಬರುವವರಿಗಾಗಿ. ಮನೆ ಕಟ್ಟುವವರಿಗೆ ಅದು ಭರವಸೆಯಲ್ಲ. ಮಲ್ಪೆಯ ಬಂದರಿನ ಬಳಿ ಮೀನಿನ ವಾಸನೆ, ಲಾರಿಗಳ ಓಡಾಟ ಇದ್ದೇ ಇರುತ್ತದೆ. ಪ್ರವಾಸಿಗರಿಂದಾಗಿ ದಂಡೆಯ ಬೆಲೆ ಏರಿದೆ. ಹೆದ್ದಾರಿಯಿಂದ ಮೂಡಣಕ್ಕೆ, ಬೆಟ್ಟಿನ ನೆಲದಲ್ಲಿ ಹುಡುಕುವುದು ಮೇಲು.

ಕುಂದಾಪುರ ಬೈಂದೂರು ಸೀಮೆ. ಕೋಟ, ಕುಂದಾಪುರ, ಗಂಗೊಳ್ಳಿ, ಮರವಂತೆ, ಬೈಂದೂರು. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ. ಆ ನೋಟಕ್ಕೆ ಮನಸೋಲದವರಿಲ್ಲ. ಆದರೆ ಅಲ್ಲಿನ ದಂಡೆಗೂ ಕೊರೆತದ ಕಾಟವಿದೆ. ಹೆದ್ದಾರಿಯನ್ನು ಉಳಿಸಲೆಂದೇ ಕಲ್ಲುಗಳನ್ನು ಪೇರಿಸಿದ್ದಾರೆ. ಕುಂದಾಪುರ ಪೇಟೆಯ ಸುತ್ತ ಐದು ಹೊಳೆಗಳು ಕೂಡುತ್ತವೆ. ಹೊಳೆಯ ಬದಿಯ ಮನೆ ಬೇಕೆನ್ನುವವರಿಗೆ ಈ ಸೀಮೆಯಲ್ಲಿ ಆಯ್ಕೆ ಹೆಚ್ಚು, ಬೆಲೆ ಉಡುಪಿಗಿಂತ ಹಗುರ. ಮಣಿಪಾಲಕ್ಕೆ ಕುಂದಾಪುರದಿಂದ ಸುಮಾರು 40 ಕಿಲೋಮೀಟರು; ಬೈಂದೂರಿನಿಂದ ಸುಮಾರು 70. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸವು ಎದೆನೋವಿನ ರಾತ್ರಿಯಲ್ಲಿ ದೊಡ್ಡದು.

ಉತ್ತರ ಕನ್ನಡ ಸೀಮೆ. ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ. ಚೆಲುವಿನಲ್ಲಿ ಇದೇ ಮೊದಲನೆಯದೆಂದು ನನ್ನ ಎಣಿಕೆ. ಘಟ್ಟವು ಕಡಲವರೆಗೂ ಇಳಿದು ಬಂದಿದೆ. ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಎಂಬ ನಾಲ್ಕು ದೊಡ್ಡ ಹೊಳೆಗಳು. ರವೀಂದ್ರನಾಥ ಠಾಕೂರರು ಯೌವನದಲ್ಲಿ ಕಾರವಾರದ ಕಡಲನ್ನು ನೋಡಿ ಮೆಚ್ಚಿ ಬರೆದದ್ದುಂಟು. ಮುಂಬಯಿ ಇಲ್ಲಿಂದ ಉಳಿದೆಲ್ಲ ಸೀಮೆಗಳಿಗಿಂತ ಹತ್ತಿರ. 1862ರಿಂದ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಮುಂಬಯಿಯ ನಂಟು ಹಳೆಯದು. ಆದರೆ ಚೆಲುವನ್ನು ಕೊಡುವ ಘಟ್ಟವೂ ಹೊಳೆಯೂ ಅಪಾಯವನ್ನೂ ಕೊಡುತ್ತವೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ಹೊಳೆಯ ಹಳೆಯ ಸೇತುವೆ ಕುಸಿಯಿತು. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ಕಾಳಿ, ಗಂಗಾವಳಿಯ ಬದಿಯ ಊರುಗಳು ನೆರೆಗೆ ಸಿಕ್ಕಿದವು. ಲಿಂಗನಮಕ್ಕಿ, ಕದ್ರಾ ಅಣೆಕಟ್ಟೆಗಳಿಂದ ನೀರು ಬಿಡುವಾಗ ಕೆಳಗಿನವರು ಎಚ್ಚರದಿಂದಿರಬೇಕಾಗುತ್ತದೆ. ಹೊನ್ನಾವರದ ಕಾಸರಕೋಡಿನ ಬಂದರು ಯೋಜನೆಗೆ ಮೀನುಗಾರರು ಬಹುಕಾಲ ಹೋರಾಡಿದ್ದಾರೆ. ಕಾರವಾರದ ದಕ್ಷಿಣಕ್ಕೆ ನೌಕಾನೆಲೆಗಾಗಿ ಹಲವು ಹಳ್ಳಿಗಳು ಜಾಗ ತೆತ್ತಿವೆ. ಎಲ್ಲಿ ಯಾವ ಯೋಜನೆ ಬರಲಿದೆಯೆಂದು ವಿಚಾರಿಸದೆ ಕೊಳ್ಳಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಆಸ್ಪತ್ರೆ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆಗಿದೆ. ಆದರೂ ಕಠಿಣ ರೋಗಗಳಿಗೆ ಜಿಲ್ಲೆಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾಗಳ ಕಡೆ ಓಡಿದ್ದಾರೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿಯೂ 2022ರಲ್ಲಿಯೂ ಜನ ದೊಡ್ಡ ದನಿಯಲ್ಲಿ ಕೇಳಿದ್ದಾರೆ. ಹೊನ್ನಾವರದಿಂದ ಮಣಿಪಾಲಕ್ಕೆ ಸುಮಾರು 130 ಕಿಲೋಮೀಟರು. ಮಳೆಗಾಲದಲ್ಲಿ ಒಂದೇ ಹೆದ್ದಾರಿಯನ್ನು ನಂಬಿದ ದಾರಿ ಇದು.

7. ಹಣದ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಗುಮಾಸ್ತರಿಗೆ ನಿವೃತ್ತಿಯಲ್ಲಿ ಎಲ್ಲ ಸೇರಿ 45 ಲಕ್ಷ ರೂಪಾಯಿ ಕೈಗೆ ಬಂತು ಎಂದುಕೊಳ್ಳಿ. ಅವರು 40 ಲಕ್ಷವನ್ನು ನೀರಿನ ಬದಿಯ ಮನೆಗೆ ಹಾಕಿದರೆ ಉಳಿಯುವುದು 5 ಲಕ್ಷ. ಶೇಕಡಾ 7ರ ಬಡ್ಡಿ ಹಿಡಿದರೆ ವರ್ಷಕ್ಕೆ 35,000. ತಿಂಗಳಿಗೆ 3,000ಕ್ಕೂ ಕಡಿಮೆ. ಅಸ್ವಾಸ್ಥ್ಯ ಬಂದರೆ ಅದೂ ಇಲ್ಲ. ಅದೇ ಮನುಷ್ಯರು ಒಂದೆರಡು ಕಿಲೋಮೀಟರು ಒಳಗೆ ಸರಿದು 22 ಲಕ್ಷದಲ್ಲಿ ಮನೆ ಮುಗಿಸಿ, 18 ಲಕ್ಷವನ್ನು ಠೇವಣಿಯಿಟ್ಟು, 5 ಲಕ್ಷವನ್ನು ಕಾಯಿಲೆಗೆಂದು ಬೇರೆ ತೆಗೆದಿಟ್ಟರೆ, ತಿಂಗಳಿಗೆ 10,500 ರೂಪಾಯಿ ಬಡ್ಡಿ ಬರುತ್ತದೆ. ಕಾಯಿಲೆಯ ಹಣವೂ ಇರುತ್ತದೆ. ಕಡಲು ಎರಡೂ ಮನೆಗಳಿಗೆ ಕೇಳಿಸುತ್ತದೆ. ಆಟಿ ತಿಂಗಳ ರಾತ್ರಿ ಅದರ ಮೊರೆತ ಬಹುದೂರದವರೆಗೆ ಕೇಳುವುದನ್ನು ಊರಿನವರೆಲ್ಲರೂ ಬಲ್ಲರು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ಆದುದರಿಂದ ಮನೆಗೆ ಒಟ್ಟು ಹಣದ ಅರ್ಧಕ್ಕಿಂತ ಹೆಚ್ಚನ್ನು ಹಾಕಬಾರದು. ಗಿರಣಿ, ಕಾರ್ಖಾನೆಗಳಲ್ಲಿ ದುಡಿದು ಇ.ಎಸ್.ಐ. ವಿಮೆಯಲ್ಲಿದ್ದವರು ಇನ್ನೊಂದು ಮಾತು ನೆನಪಿಡಬೇಕು. ಕನಿಷ್ಠ 5 ವರ್ಷ ವಿಮೆಯಲ್ಲಿದ್ದು ವಯೋಮಿತಿಯಿಂದ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಹೆಂಡತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಬಹುದು. ನೀವು ಆರಿಸುವ ಊರಿಗೆ ಹತ್ತಿರದ ಇ.ಎಸ್.ಐ. ಚಿಕಿತ್ಸಾಲಯ ಎಲ್ಲಿದೆಯೆಂದು ಮೊದಲೇ ವಿಚಾರಿಸಿ, ಇಲ್ಲಿಂದ ಹೊರಡುವ ಮುಂಚೆಯೇ ಕಾಗದ ಮಾಡಿಸಿಕೊಳ್ಳಿ.

8. ಮನೆಯವರ ಮಾತು

ಈ ವಿಷಯದಲ್ಲಿ ಗಂಡಸರು ಹೆಚ್ಚಾಗಿ ಮಾಡುವ ತಪ್ಪು ಒಂದಿದೆ. ಊರು ಆರಿಸುವಾಗ ತಮ್ಮ ಬಾಲ್ಯವನ್ನು ನೆನೆಯುತ್ತಾರೆ. ಹೆಂಡತಿಯ ಮುಂದಿನ ದಿನಗಳನ್ನು ನೆನೆಯುವುದಿಲ್ಲ. ಧಾರವಾಡದ ಕಡೆಯಿಂದ ಬಂದ ಹೆಣ್ಣುಮಗಳು ತುಳು ಮಾತಾಡುವ ಓಣಿಯಲ್ಲಿ, ಇಲ್ಲವೇ ಕೊಂಕಣಿ ಮಾತಾಡುವ ಕೇರಿಯಲ್ಲಿ ಹೊಸದಾಗಿ ನೆಲಸಬೇಕಾಗುತ್ತದೆ. ಮುಂಬಯಿಯ ಚಾಳಿನಲ್ಲಿ ಬಾಗಿಲು ತೆರೆದರೆ ಹತ್ತು ಜನ ಸಿಗುತ್ತಿದ್ದರು. ತೋಟದ ನಡುವಿನ ಒಂಟಿ ಮನೆಯಲ್ಲಿ, ಹಗಲಿರುಳೂ ಮಳೆ ಸುರಿಯುವಾಗ, ಕರೆಂಟು ಹೋದಾಗ, ಬಾಗಿಲು ತೆರೆದರೆ ನೀರು ಮಾತ್ರ. ಇಬ್ಬರಲ್ಲಿ ಒಬ್ಬರು ಮೊದಲು ಹೋಗುವುದು ಜೀವಲೋಕದ ನಿಯಮ. ಉಳಿದವರು ಆ ಮನೆಯಲ್ಲಿ ಒಬ್ಬರೇ ಇರಬಲ್ಲರೇ? ಕೂಗಿದರೆ ಕೇಳುವಷ್ಟು ಹತ್ತಿರ ಯಾರಾದರೂ ಇದ್ದಾರೆಯೇ? ಈ ಪ್ರಶ್ನೆಯನ್ನು ಇಬ್ಬರೂ ಎದುರುಬದುರು ಕುಳಿತು, ಅಳುಕದೆ ಮಾತಾಡಿಕೊಳ್ಳಬೇಕು.

ನೆರೆಯವರ ವಿಷಯವೂ ಇಷ್ಟೇ ಮುಖ್ಯ. ದಂಡೆ ಮೀನುಗಾರರ ಕೆಲಸದ ಅಂಗಳ. ದೋಣಿ ಎಳೆಯುವುದು, ಕೈರಂಪಣಿ ಬಲೆ ಎಳೆಯುವುದು, ಮೀನು ಒಣಗಿಸುವುದು ಎಲ್ಲವೂ ಅಲ್ಲಿಯೇ. ಜಾಗ ಕೊಂಡೆವೆಂದು ಕಡಲಿಗೆ ಹೋಗುವ ಹಳೆಯ ಕಾಲುದಾರಿಗೆ ಬೇಲಿ ಹಾಕಿದರೆ ಅವರ ಅನ್ನಕ್ಕೆ ಅಡ್ಡಬಂದಂತೆ. ಮುದಿವಯಸ್ಸಿನಲ್ಲಿ ನಮ್ಮನ್ನು ಎತ್ತಿ ಆಟೋದಲ್ಲಿ ಕೂರಿಸುವ ಕೈಗಳು ಅವರವೇ.

9. ನಿರ್ಣಯ

ಇಷ್ಟನ್ನೂ ತೂಗಿ ನೋಡಿದಾಗ ನನ್ನ ಅಭಿಪ್ರಾಯ ಹೀಗಿದೆ. ಎದೆ, ಮೂತ್ರಪಿಂಡ, ಸಕ್ಕರೆಯ ತೊಂದರೆ ಈಗಾಗಲೇ ಇರುವವರಿಗೆ ಉಡುಪಿ ಅಥವಾ ಮಂಗಳೂರು ಸೀಮೆ. ಆರೋಗ್ಯ ಗಟ್ಟಿಯಾಗಿದ್ದು ಕೈಯ ಹಣ ಮಿತವಾಗಿರುವವರಿಗೆ ಕುಂದಾಪುರದ ಸುತ್ತಿನ ಬೆಟ್ಟು ನೆಲ. ಉತ್ತರ ಕನ್ನಡದಲ್ಲಿ ಹುಟ್ಟಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಅಲ್ಲಿಯೇ ಇರುವವರಿಗೆ ಕುಮಟಾ, ಹೊನ್ನಾವರ, ಕಾರವಾರದ ಪೇಟೆಗಳ ಹತ್ತಿರ, ಗುಡ್ಡದ ಬುಡವನ್ನೂ ಹೊಳೆಯ ಬಯಲನ್ನೂ ಬಿಟ್ಟ ನೆಲ. ಯಾವ ಸೀಮೆಯಲ್ಲೇ ಆಗಲಿ, ಕಡಲ ದಂಡೆಗೆ ತಾಗಿದ ಜಾಗವನ್ನು ನಮ್ಮಂಥವರು ಕೊಳ್ಳಬಾರದು.

ಕೊಳ್ಳುವುದಕ್ಕೆ ಮುಂಚೆ ಅದೇ ಊರಿನಲ್ಲಿ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ತಿಂಗಳಿಗೆ 8,000 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 96,000. ನಲವತ್ತು ಲಕ್ಷದ ತಪ್ಪನ್ನು ತಪ್ಪಿಸುವ ಪಾಠಕ್ಕೆ ಅದು ಹೆಚ್ಚಿನ ಫೀಸಲ್ಲ. ಇಲ್ಲಿನ ಕೋಣೆಯನ್ನು ಆ ವರ್ಷ ಬಿಟ್ಟುಕೊಡಬೇಡಿ.

ಅಭ್ಯಾಸ

ಜಾಗ ನೋಡಲು ಹೋಗುವಾಗ ಈ ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು, ಉತ್ತರವನ್ನು ಅಲ್ಲಿಯೇ ತುಂಬಿ ತನ್ನಿರಿ.

1. ಉಬ್ಬರದ ಗೆರೆಯಿಂದ ಈ ನೆಲ ಎಷ್ಟು ಮೀಟರು? ಬರಹದ ಉತ್ತರ ಕೊಟ್ಟವರು ಯಾರು?
2. ಈ ನೆಲದ ಹಳೆಯ ಹೆಸರೇನು? ಬೈಲೇ, ಮಜಲೇ, ಬೆಟ್ಟೇ?
3. ಹೋದ ಹತ್ತು ಮಳೆಗಾಲಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು?
4. ಮೇ ತಿಂಗಳಲ್ಲಿ ಬಾವಿಯ ನೀರಿನ ರುಚಿ ಹೇಗೆ?
5. ಭೂಪರಿವರ್ತನೆ ಆಗಿದೆಯೇ? ಪಾಲುದಾರರು ಎಷ್ಟು ಮಂದಿ?
6. ರಾತ್ರಿ ಎರಡು ಗಂಟೆಗೆ, ಮಳೆಯಲ್ಲಿ, ದೊಡ್ಡ ಆಸ್ಪತ್ರೆಗೆ ಎಷ್ಟು ನಿಮಿಷ?
7. ಕೂಗಿದರೆ ಕೇಳುವ ನೆರೆಮನೆ ಯಾವುದು? ಅವರ ಮಾತು ನಮಗೆ ತಿಳಿಯುವುದೇ?
8. ಮನೆ ಮುಗಿದ ಮೇಲೆ ಕೈಯಲ್ಲಿ ಉಳಿಯುವ ಹಣವೆಷ್ಟು?

ಎಂಟಕ್ಕೂ ಸಮಾಧಾನದ ಉತ್ತರ ಸಿಕ್ಕಿದರೆ ಧೈರ್ಯವಾಗಿ ಮುಂಗಡ ಕೊಡಿ. ಆರನೆಯದಕ್ಕೆ ಅಥವಾ ಎಂಟನೆಯದಕ್ಕೆ ಸಿಗದಿದ್ದರೆ, ಉಳಿದ ಏಳೂ ಸರಿಯಿದ್ದರೂ ಮರಳಿ ಬನ್ನಿ. ಕಡಲು ಎಲ್ಲಿಗೂ ಹೋಗುವುದಿಲ್ಲ. ಇನ್ನೊಂದು ವರ್ಷ ಕಾದು ಆರಿಸಿದರೂ ಅದು ಅಲ್ಲಿಯೇ ಇರುತ್ತದೆ.